ಓದುಗರ ಪ್ರಶ್ನೆ: ಎರಡು ದೇಶಗಳ ಕಾರ್ಖಾನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಹೇಗೆ?

ಅಭಿವೃದ್ಧಿಶೀಲ ದೇಶಗಳ ಉದ್ದಿಮೆಗಳ ಉತ್ಪಾದಕತೆಯನ್ನು ಹೋಲಿಸುವ ಬಗ್ಗೆ ವಿದ್ಯಾರ್ಥಿಗಳು, ಲೆಕ್ಕಪರಿಶೋಧಕರು, ಕಾರ್ಖಾನೆ ನಡೆಸುವವರು ಬರೆದಿದ್ದಾರೆ. ಬೇರೆ ಬೇರೆ ಪತ್ರಗಳಲ್ಲಿ ಒಂದೇ ತೊಡಕು ಕಾಣಿಸಿದಲ್ಲಿ ಅವನ್ನು ಒಂದು ಪ್ರಶ್ನೆಯಾಗಿ ಸೇರಿಸಿದ್ದೇವೆ.

ಪ್ರಶ್ನೆ: ಎರಡು ದೇಶಗಳ ಉಡುಪು ಕಾರ್ಖಾನೆಗಳಲ್ಲಿ ತಲಾ ಕೆಲಸಗಾರರಿಗೆ ಎಷ್ಟು ಮೌಲ್ಯವರ್ಧನೆ ಎಂದು ಲೆಕ್ಕ ಹಾಕಿದೆ. ಮಾರುಕಟ್ಟೆ ವಿನಿಮಯ ದರದಲ್ಲಿ ಡಾಲರಿಗೆ ಬದಲಿಸಿದರೆ ಒಂದು ದೇಶ ಬಹಳ ಮುಂದಿದೆ. ಕೊಳ್ಳುವ ಶಕ್ತಿಯ ದರದಲ್ಲಿ ಬದಲಿಸಿದರೆ ಎರಡೂ ಸಮ. ಯಾವುದನ್ನು ನಂಬಲಿ? (ಎಂ.ಎ. ವಿದ್ಯಾರ್ಥಿನಿ)

ದರದ ವಿಷಯಕ್ಕೆ ಬರುವ ಮುಂಚೆ ಮೌಲ್ಯವರ್ಧನೆಯ ಲೆಕ್ಕ ಸರಿಯಿದೆಯೇ ನೋಡಿಕೊಳ್ಳಿ. ಮಾರಾಟದ ಮೊತ್ತಕ್ಕೆ ಸಿದ್ಧ ಸರಕಿನ ದಾಸ್ತಾನಿನಲ್ಲಾದ ಏರಿಳಿತ ಸೇರಿಸಿ. ಅದರಿಂದ ಕಚ್ಚಾ ಸಾಮಗ್ರಿ, ವಿದ್ಯುತ್ತು, ಇಂಧನ ಮತ್ತು ಹೊರಗಿನಿಂದ ಪಡೆದ ಸೇವೆಗಳ ವೆಚ್ಚ ಕಳೆಯಿರಿ. ಸಂಬಳ ಕಳೆಯಬಾರದು, ಅದು ಮೌಲ್ಯವರ್ಧನೆಯ ಒಳಗೇ ಇರುವ ಪಾಲು. ಕಾರ್ಖಾನೆ ತಾನು ತಯಾರಿಸದೆ ಸಿದ್ಧವಾಗಿ ಕೊಂಡು ಹಾಗೆಯೇ ಮಾರಿದ ಸರಕಿದ್ದರೆ ಅದರ ಕೊಂಡ ಬೆಲೆಯನ್ನೂ ಕಳೆಯಬೇಕು. ಬಹುತೇಕ ವಿದ್ಯಾರ್ಥಿಗಳು ತಪ್ಪುವುದು ಇಲ್ಲಿಯೇ. ಇದನ್ನು ಬಿಟ್ಟರೆ ವ್ಯಾಪಾರಿಯೊಬ್ಬ ದೊಡ್ಡ ತಯಾರಕನಂತೆ ಕಾಣುತ್ತಾನೆ.

ಈಗ ದರ. ಕೊಳ್ಳುವ ಶಕ್ತಿಯ ದರವೆಂದರೆ ಒಂದು ಡಾಲರಿಗೆ ಅಮೆರಿಕದಲ್ಲಿ ಸಿಗುವಷ್ಟೇ ಸರಕನ್ನು ಆ ದೇಶದಲ್ಲಿ ಕೊಳ್ಳಲು ಬೇಕಾಗುವ ಅಲ್ಲಿಯ ಹಣ. 'ಅ' ದೇಶದಲ್ಲಿ ತಲಾ ಮೌಲ್ಯವರ್ಧನೆ ಅಲ್ಲಿಯ ಹಣದಲ್ಲಿ 3,00,000 ಎಂದುಕೊಳ್ಳಿ. ಮಾರುಕಟ್ಟೆಯಲ್ಲಿ ಡಾಲರಿಗೆ 60, ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ 20. 'ಬ' ದೇಶದಲ್ಲಿ ತಲಾ 90,000, ದರಗಳು 10 ಮತ್ತು 6. ಮಾರುಕಟ್ಟೆ ದರದಲ್ಲಿ 'ಅ' 5,000 ಡಾಲರ್, 'ಬ' 9,000 ಡಾಲರ್. ಕೊಳ್ಳುವ ಶಕ್ತಿಯಲ್ಲಿ ಎರಡೂ 15,000. ನಿಮಗೆ ಆದದ್ದು ಇದೇ.

ಎರಡೂ ದರಗಳಿಗೆ ತಮ್ಮದೇ ದೋಷವಿದೆ. ಮಾರುಕಟ್ಟೆ ದರ ಬಂಡವಾಳದ ಹರಿವಿಗೆ, ಸರ್ಕಾರದ ತೀರ್ಮಾನಕ್ಕೆ ತಕ್ಕಂತೆ ಕುಣಿಯುತ್ತದೆ. 'ಅ' ದೇಶದ ಹಣ 60ರಿಂದ 75ಕ್ಕೆ ಜಾರಿದರೆ 5,000 ಡಾಲರ್ ಇದ್ದದ್ದು 4,000 ಆಗುತ್ತದೆ. ಅಷ್ಟರಲ್ಲಿ ಒಂದು ಯಂತ್ರವೂ ನಿಧಾನವಾಗಿರುವುದಿಲ್ಲ. ಅಧಿಕೃತ ದರ ಒಂದು, ಕಾಳಸಂತೆಯ ದರ ಇನ್ನೊಂದು ಇರುವ ದೇಶಗಳಲ್ಲಂತೂ ಈ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ.

ಕೊಳ್ಳುವ ಶಕ್ತಿಯ ದರವನ್ನು ವಿಶ್ವಬ್ಯಾಂಕ್ ಸಂಯೋಜಿಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ ತಯಾರಿಸುತ್ತದೆ. ಈಚಿನ ಸುತ್ತುಗಳು 2011, 2017 ಮತ್ತು 2021ರವು. ಅಲ್ಲಿ ಹೋಲಿಸುವುದು ಜನರೂ ಸರ್ಕಾರವೂ ಕೊನೆಗೆ ಕೊಳ್ಳುವ ವಸ್ತು, ಸೇವೆಗಳ ಬೆಲೆಗಳನ್ನು. ಮನೆ ಬಾಡಿಗೆ, ಕ್ಷೌರ, ವೈದ್ಯರ ಶುಲ್ಕ ಎಲ್ಲವೂ ಅದರಲ್ಲಿವೆ. ಬಡ ದೇಶಗಳಲ್ಲಿ ಈ ಸೇವೆಗಳು ಬಹಳ ಅಗ್ಗ. ಆದರೆ ಅಂಗಿ, ಉಕ್ಕು, ನೂಲು ಹೀಗೆ ಗಡಿ ದಾಟಿ ಮಾರಾಟವಾಗುವ ಸರಕಿನ ಬೆಲೆ ಅಷ್ಟು ಅಗ್ಗವಲ್ಲ. ಕ್ಷೌರದ ಅಗ್ಗವನ್ನು ಅಂಗಿಗೂ ಹಚ್ಚಿದರೆ ಬಡ ದೇಶದ ಕಾರ್ಖಾನೆ ಇರುವುದಕ್ಕಿಂತ ಹೆಚ್ಚು ಉತ್ಪಾದಿಸುವಂತೆ ತೋರುತ್ತದೆ.

ನಮ್ಮ ಸಲಹೆ: ಆಯಾ ಉದ್ಯಮ ವಲಯಕ್ಕೇ ಲೆಕ್ಕ ಹಾಕಿದ ತುಲನಾತ್ಮಕ ಬೆಲೆ ಸಿಕ್ಕರೆ ಅದನ್ನೇ ಬಳಸಿ. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್ ವಿಶ್ವವಿದ್ಯಾಲಯದ ಬೆಳವಣಿಗೆ ಅಧ್ಯಯನ ಕೇಂದ್ರ ಇಂಥ ದತ್ತಾಂಶವನ್ನು ಪ್ರಕಟಿಸುತ್ತದೆ. ಸಿಗದಿದ್ದರೆ ಎರಡೂ ದರಗಳ ಫಲಿತಾಂಶವನ್ನು ಅಕ್ಕಪಕ್ಕ ಕೊಡಿ. ಎರಡರಲ್ಲೂ ಒಂದೇ ದೇಶ ಮುಂದಿದ್ದರೆ ಮಾತ್ರ ಅದು ಮುಂದಿದೆ ಎನ್ನಿ. ಹಲವು ವರ್ಷಗಳ ಅಂಕಿಗಳಿದ್ದರೆ ಮೊದಲು ಆಯಾ ದೇಶದ ಉತ್ಪಾದಕರ ಬೆಲೆ ಸೂಚ್ಯಂಕದಿಂದ ಎಲ್ಲವನ್ನೂ ಒಂದು ವರ್ಷದ ಬೆಲೆಗೆ ತನ್ನಿ, ಆಮೇಲೆ ಆ ಒಂದೇ ವರ್ಷದ ದರದಲ್ಲಿ ಬದಲಿಸಿ. ಪ್ರತಿ ವರ್ಷದ ಅಂಕಿಯನ್ನು ಆಯಾ ವರ್ಷದ ದರದಲ್ಲೇ ಡಾಲರ್ ಮಾಡಿದರೆ, ವಿನಿಮಯ ದರದ ಏರಿಳಿತವೆಲ್ಲ ಉತ್ಪಾದಕತೆಯ ಏರಿಳಿತವಾಗಿ ಒಳಗೆ ನುಸುಳುತ್ತದೆ.

ಪ್ರಶ್ನೆ: ಹಂಗಾಮಿಗೆ ಬರುವವರನ್ನು, ಗುತ್ತಿಗೆಯವರನ್ನು ಕೆಲಸಗಾರರ ಲೆಕ್ಕಕ್ಕೆ ಸೇರಿಸಬೇಕೇ? (ಲೆಕ್ಕಪರಿಶೋಧಕರು)

ಸೇರಿಸಲೇಬೇಕು, ಆದರೆ ದುಡಿದ ತಿಂಗಳುಗಳಿಗೆ ಇಳಿಸಿ. ವರ್ಷಪೂರ್ತಿ ದುಡಿಯುವ 30 ಜನ, ತಲಾ 3 ತಿಂಗಳು ಬರುವ 20 ಜನ ಇದ್ದರೆ ಒಟ್ಟು 50 ಅಲ್ಲ, 35. ಗುತ್ತಿಗೆದಾರನ ಮೂಲಕ ಬಂದವರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಇರುವುದಿಲ್ಲ. ಅವರ ಕೂಲಿ 'ಹೊರಗಿನ ಸೇವೆ' ಎಂಬ ಸಾಲಿನಲ್ಲಿ ಕೂತಿರುತ್ತದೆ. ಆಗ ಒಂದೋ ಅವರನ್ನು ತಲೆ ಎಣಿಕೆಗೆ ಸೇರಿಸಿ ಆ ವೆಚ್ಚವನ್ನು ಮೌಲ್ಯವರ್ಧನೆಗೆ ಮರಳಿ ಕೂಡಿಸಿ, ಇಲ್ಲವೇ ಎರಡನ್ನೂ ಹೊರಗಿಡಿ. ಒಂದನ್ನು ಒಳಗೆ, ಒಂದನ್ನು ಹೊರಗೆ ಇಟ್ಟರೆ ಲೆಕ್ಕ ಕೆಡುತ್ತದೆ. ಚಿಕ್ಕ ಘಟಕಗಳಲ್ಲಿ ಮಾಲೀಕ ಮತ್ತು ಸಂಬಳವಿಲ್ಲದೆ ದುಡಿಯುವ ಮನೆಮಂದಿಯನ್ನು ಮರೆಯಬೇಡಿ. ಸಂಬಳದ ಪಟ್ಟಿಯಲ್ಲಿ 4 ಜನ, ದುಡಿಯುವವರು 7 ಜನ ಇರುವ ಘಟಕದ ತಲಾ ಉತ್ಪಾದಕತೆ ಕಾಗದದ ಮೇಲೆ ಮುಕ್ಕಾಲು ಪಾಲು ಉಬ್ಬುತ್ತದೆ.

ಗಂಟೆಗಳ ಲೆಕ್ಕ ಸಿಕ್ಕರೆ ತಲೆ ಎಣಿಕೆಗಿಂತ ಅದೇ ಮೇಲು. ವಾರಕ್ಕೆ 60 ಗಂಟೆ ದುಡಿಸುವ ದೇಶವನ್ನು 44 ಗಂಟೆಯ ದೇಶದೊಂದಿಗೆ ತಲಾವಾರು ಹೋಲಿಸುವುದು ಸರಿಯಲ್ಲ.

ಪ್ರಶ್ನೆ: ಎರಡು ಕಾರ್ಖಾನೆಗಳ ನಡುವಿನ ಅಂತರ ಒಂದು ವರದಿಯಲ್ಲಿ ಶೇ. 33, ಇನ್ನೊಂದರಲ್ಲಿ ಶೇ. 11, ಮತ್ತೊಂದರಲ್ಲಿ ಶೇ. 4. ಅಂಕಿಗಳು ಒಂದೇ. ಹೇಗೆ ಸಾಧ್ಯ? (ಸಣ್ಣ ಕೈಗಾರಿಕೆ ಸಂಘದ ಕಾರ್ಯದರ್ಶಿ)

ಮೂರೂ ಸರಿ ಇರಬಹುದು. ಮಾಡಿಯೇ ನೋಡೋಣ.

ಮೊದಲ ಕಾರ್ಖಾನೆಯ ಉತ್ಪನ್ನ 200, ಸಾಮಗ್ರಿ 100, ಯಂತ್ರ ಬಂಡವಾಳ 80, ಕೆಲಸಗಾರರು 30. ಎರಡನೆಯದರಲ್ಲಿ ಉತ್ಪನ್ನ 100, ಸಾಮಗ್ರಿ 50, ಬಂಡವಾಳ 40, ಕೆಲಸಗಾರರು 20. ತಲಾ ಮೌಲ್ಯವರ್ಧನೆ ಮೊದಲಲ್ಲಿ 3.33, ಎರಡನೆಯದರಲ್ಲಿ 2.5. ಅಂತರ ಶೇ. 33.

ಆದರೆ ಮೊದಲ ಕಾರ್ಖಾನೆಯ ಒಬ್ಬ ಕೆಲಸಗಾರನ ಕೈಯಲ್ಲಿ ಹೆಚ್ಚು ಯಂತ್ರವಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯುವುದೇ ಒಟ್ಟು ಅಂಶ ಉತ್ಪಾದಕತೆ. ಆ ಉದ್ಯಮದ ಒಟ್ಟು ವೆಚ್ಚದಲ್ಲಿ ಸಾಮಗ್ರಿಯ ಪಾಲು 0.60, ಬಂಡವಾಳದ್ದು 0.25, ಶ್ರಮದ್ದು 0.15 ಎಂದಿರಲಿ. ಉತ್ಪನ್ನದ ಅನುಪಾತ 2, ಅದರ ಲಾಗ್ (ನೈಸರ್ಗಿಕ ಲಾಗರಿದಮ್) 0.693. ಇದರಿಂದ ಸಾಮಗ್ರಿಯ ಅಂತರ 0.60 × 0.693, ಬಂಡವಾಳದ ಅಂತರ 0.25 × 0.693, ಶ್ರಮದ ಅಂತರ 0.15 × 0.405 (30/20ರ ಲಾಗ್) ಕಳೆಯಿರಿ. ಉಳಿಯುವುದು 0.043, ಅಂದರೆ ಸುಮಾರು ಶೇ. 4.

ಇದನ್ನೇ ಮೌಲ್ಯವರ್ಧನೆಯ ಮೇಲೆ ಮಾಡಿದರೆ ಸಾಮಗ್ರಿ ಆಗಲೇ ಕಳೆದುಹೋಗಿರುತ್ತದೆ. 0.043ನ್ನು ಉಳಿದ ಪಾಲಾದ 0.40ರಿಂದ ಭಾಗಿಸಿದಂತೆ, 0.108, ಅಂದರೆ ಸುಮಾರು ಶೇ. 11. ಸಾಮಗ್ರಿಯ ಪಾಲು ಹೆಚ್ಚಿರುವ ಅಕ್ಕಿ ಗಿರಣಿ, ಎಣ್ಣೆ ಗಿರಣಿಗಳಂಥ ಉದ್ಯಮಗಳಲ್ಲಿ ಈ ಎರಡು ಅಳತೆಗಳ ಅಂತರ ಇನ್ನೂ ಹಿಗ್ಗುತ್ತದೆ. ವರದಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅಳತೆ ಯಾವುದು ಎಂಬುದನ್ನು. ಒಂದು ದೇಶದ ಶೇ. 11ನ್ನು ಇನ್ನೊಂದು ದೇಶದ ಶೇ. 4ರ ಪಕ್ಕದಲ್ಲಿಟ್ಟು ತೀರ್ಪು ಕೊಟ್ಟಿರುವ ಬರಹಗಳು ಬೇಕಾದಷ್ಟಿವೆ.

ಪಾಲುಗಳನ್ನು ಎಲ್ಲಿಂದ ತರಬೇಕು ಎಂದೂ ಕೇಳಿದ್ದೀರಿ. ಉದ್ಯಮದ ವೆಚ್ಚದ ಸರಾಸರಿ ಪಾಲು ಸುಲಭದ ದಾರಿ. ಸಮೀಕರಣದಿಂದ ಅಂದಾಜು ಮಾಡುವುದಾದರೆ ಒಂದು ಎಚ್ಚರ: ಚೆನ್ನಾಗಿ ನಡೆಯುವ ಕಾರ್ಖಾನೆ ತನ್ನ ಸಾಮರ್ಥ್ಯ ತಿಳಿದೇ ಹೆಚ್ಚು ಸಾಮಗ್ರಿ, ಹೆಚ್ಚು ಜನ ಹಾಕಿಕೊಳ್ಳುತ್ತದೆ. ಸಾಮಾನ್ಯ ಹಿಂಚಲನ (ರಿಗ್ರೆಶನ್) ಮಾಡಿದರೆ ಆ ಸಾಮರ್ಥ್ಯದ ಶ್ರೇಯ ಸಾಮಗ್ರಿಗೆ ಹೋಗುತ್ತದೆ. ಅರ್ಥಶಾಸ್ತ್ರಜ್ಞರಾದ ಓಲಿ ಮತ್ತು ಪೇಕ್ಸ್ 1996ರಲ್ಲಿ, ಲೆವಿನ್ಸನ್ ಮತ್ತು ಪೆಟ್ರಿನ್ 2003ರಲ್ಲಿ ಕೊಟ್ಟ ವಿಧಾನಗಳು ಇರುವುದು ಇದನ್ನು ಸರಿಪಡಿಸಲಿಕ್ಕೆ. ಅವಕ್ಕೆ ಒಂದೇ ಕಾರ್ಖಾನೆಯ ಹಲವು ವರ್ಷಗಳ ಅಂಕಿಗಳು ಬೇಕು. ಒಂದೇ ವರ್ಷದ ಸಮೀಕ್ಷೆ ಕೈಯಲ್ಲಿದ್ದರೆ ವೆಚ್ಚದ ಪಾಲೇ ಸಾಕು.

ಪ್ರಶ್ನೆ: ಅಂಕಿಅಂಶ ಎಲ್ಲಿಂದ ತೆಗೆದುಕೊಳ್ಳಲಿ? ವಿಶ್ವಬ್ಯಾಂಕಿನ ಉದ್ದಿಮೆ ಸಮೀಕ್ಷೆಯೋ, ಆಯಾ ದೇಶದ ಸರ್ಕಾರದ್ದೋ? (ಸಂಶೋಧನಾ ವಿದ್ಯಾರ್ಥಿ)

ವಿಶ್ವಬ್ಯಾಂಕಿನ ಸಮೀಕ್ಷೆಯ ದೊಡ್ಡ ಅನುಕೂಲವೆಂದರೆ ಪ್ರಶ್ನಾವಳಿ ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಕೃಷಿಯೇತರ, ನೋಂದಾಯಿತ, 5 ಅಥವಾ ಹೆಚ್ಚು ನೌಕರರಿರುವ ಖಾಸಗಿ ಘಟಕಗಳು ಅದರಲ್ಲಿ ಬರುತ್ತವೆ. ಪೂರ್ತಿ ಸರ್ಕಾರಿ ಒಡೆತನದವು ಬರುವುದಿಲ್ಲ. 5–19, 20–99, 100 ಮತ್ತು ಮೇಲೆ ಎಂದು ಗಾತ್ರದ ಪ್ರಕಾರ ಪದರ ಮಾಡಿ ಮಾದರಿ ಆಯುತ್ತಾರೆ. ದೊಡ್ಡ ಘಟಕಗಳನ್ನು ಅವುಗಳ ಸಂಖ್ಯೆಗೆ ಮೀರಿ ಆಯ್ದಿರುವುದರಿಂದ ಜೊತೆಗೆ ಕೊಟ್ಟಿರುವ ತೂಕಗಳನ್ನು (ಆಯ್ದ ಒಂದು ಘಟಕ ಎಷ್ಟು ಘಟಕಗಳ ಪರವಾಗಿ ನಿಂತಿದೆ ಎಂಬ ಸಂಖ್ಯೆ) ಹಾಕದೆ ಸರಾಸರಿ ತೆಗೆಯಬೇಡಿ. ತೂಕ ಹಾಕದ ಸರಾಸರಿ ಆ ದೇಶದ ಉದ್ದಿಮೆಗಳದ್ದಲ್ಲ, ಆಯ್ದ ಪಟ್ಟಿಯದ್ದು.

ಕೊರತೆಯೂ ಇದೆ. ಯಂತ್ರಗಳ ಮೌಲ್ಯವನ್ನು ತಯಾರಿಕಾ ಘಟಕಗಳಿಗೆ ಮಾತ್ರ ಕೇಳುತ್ತಾರೆ, ಅನೇಕರು ಉತ್ತರಿಸುವುದಿಲ್ಲ. ಉತ್ತರಿಸದೆ ಬಿಟ್ಟವರು ಚಿಕ್ಕವರೇ ಆಗಿದ್ದರೆ, ಉಳಿದವರ ಮೇಲೆ ಮಾಡಿದ ಲೆಕ್ಕ ಮೇಲ್ಸ್ತರದ ಲೆಕ್ಕವಾಗುತ್ತದೆ. ಎಷ್ಟು ಘಟಕಗಳು ಹೀಗೆ ಕಳಚಿಹೋದವು ಎಂದು ದೇಶವಾರು ಒಂದು ಕೋಷ್ಟಕ ಹಾಕಿ.

ಸರ್ಕಾರಿ ದತ್ತಾಂಶ ವಿಸ್ತಾರವಾಗಿರುತ್ತದೆ, ಆದರೆ ಯಾರನ್ನು ಎಣಿಸುತ್ತಾರೆ ಎಂಬ ಗೆರೆ ದೇಶದಿಂದ ದೇಶಕ್ಕೆ ಬೇರೆ. ಭಾರತದ ವಾರ್ಷಿಕ ಕೈಗಾರಿಕಾ ಸಮೀಕ್ಷೆ ಬಹುಕಾಲ ಆಧರಿಸಿದ್ದು 1948ರ ಕಾರ್ಖಾನೆ ಕಾಯ್ದೆಯ ಗೆರೆಯನ್ನು: ವಿದ್ಯುತ್ ಬಳಸುವಲ್ಲಿ 10 ಕೆಲಸಗಾರರು, ಬಳಸದಲ್ಲಿ 20. ಇಂಡೊನೇಷ್ಯಾದ ತಯಾರಿಕಾ ಸಮೀಕ್ಷೆಯಲ್ಲಿ 20, ಚಿಲಿಯಲ್ಲಿ 10. ಚೀನಾದಲ್ಲಿ ಗೆರೆ ಇರುವುದು ಜನರ ಮೇಲಲ್ಲ, ಮಾರಾಟದ ಮೇಲೆ. 2010ರವರೆಗೆ ವರ್ಷಕ್ಕೆ 50 ಲಕ್ಷ ಯುವಾನ್, 2011ರಿಂದ 2 ಕೋಟಿ ಯುವಾನ್.

ಮಾರಾಟದ ಗೆರೆ ಹೆಚ್ಚು ಅಪಾಯಕಾರಿ ಎಂಬುದು ನಮ್ಮ ಅಭಿಪ್ರಾಯ. 15 ಜನರ ಎರಡು ಘಟಕಗಳಿದ್ದರೆ, ಹೆಚ್ಚು ಮಾರುವುದು ಒಳಗೆ ಬರುತ್ತದೆ, ಕಡಿಮೆ ಮಾರುವುದು ಹೊರಗುಳಿಯುತ್ತದೆ. ಅಂದರೆ ಚಿಕ್ಕ ಘಟಕಗಳಲ್ಲಿ ಉತ್ಪಾದಕತೆ ಹೆಚ್ಚಿರುವವನ್ನೇ ಆರಿಸಿಕೊಂಡಂತಾಯಿತು. ಅದರ ಮೇಲೆ 'ಚೀನಾದ ಚಿಕ್ಕ ಘಟಕಗಳು ಭಾರತದವಕ್ಕಿಂತ ಮುಂದೆ' ಎಂದರೆ ಅದು ಗೆರೆ ಹೇಳಿದ ಮಾತು.

ಪರಿಹಾರ ಸರಳ: ಹೋಲಿಸುವ ದೇಶಗಳಲ್ಲಿ ಅತಿ ಎತ್ತರದ ಗೆರೆ ಯಾವುದೋ ಅದನ್ನು ಎಲ್ಲಕ್ಕೂ ಹಾಕಿ. ಭಾರತ, ಇಂಡೊನೇಷ್ಯಾ ಹೋಲಿಸುವಾಗ ಭಾರತದಲ್ಲಿ 20ಕ್ಕಿಂತ ಕಡಿಮೆ ಇರುವ ಕಾರ್ಖಾನೆಗಳನ್ನು ಕೈಬಿಡಿ. ಬಿಟ್ಟದ್ದನ್ನು ಬರೆದೂ ಹೇಳಿ. ಅಭಿವೃದ್ಧಿಶೀಲ ದೇಶಗಳಲ್ಲಿ ತಯಾರಿಕೆಯಲ್ಲಿ ದುಡಿಯುವ ದೊಡ್ಡ ಪಾಲು ಜನ ಗೆರೆಯ ಕೆಳಗೆ, ಮನೆಯಂಗಳದ ಘಟಕಗಳಲ್ಲಿ ಇರುತ್ತಾರೆ. ಅವರು ಲೆಕ್ಕದಲ್ಲಿಲ್ಲದ ಮೇಲೆ 'ಈ ದೇಶದ ತಯಾರಿಕೆ' ಎಂಬ ಮಾತು ಬಳಸುವಂತಿಲ್ಲ.

ಪ್ರಶ್ನೆ: ಒಂದೇ ಒಂದು ಘಟಕ ಇಡೀ ದೇಶದ ಸರಾಸರಿಯನ್ನು ಮೇಲಕ್ಕೆತ್ತಿದೆ. ತೆಗೆದುಹಾಕಬಹುದೇ? (ಅದೇ ವಿದ್ಯಾರ್ಥಿ)

ತೆಗೆಯುವ ಮೊದಲು ಏಕೆ ಹಾಗಾಯಿತು ನೋಡಿ. ಮಾರಾಟವನ್ನು ಸಾವಿರಗಳಲ್ಲಿ, ಸಂಬಳವನ್ನು ಬಿಡಿ ಹಣದಲ್ಲಿ ಬರೆದಿರುವುದು ಸಾಮಾನ್ಯ ಕಾರಣ. ಸಂಬಳವನ್ನು ಮಾರಾಟದಿಂದ ಭಾಗಿಸಿ. ಉದ್ಯಮದ ಮಧ್ಯಾಂಕಕ್ಕಿಂತ ಸಾವಿರ ಪಟ್ಟು ಆಚೀಚೆ ಇದ್ದರೆ ಸೊನ್ನೆಗಳ ತಪ್ಪು, ತಿದ್ದಬಹುದು. ಉಳಿದವಕ್ಕೆ ಲಾಗ್ ತೆಗೆದು, ಆಯಾ ದೇಶದ ಆಯಾ ಉದ್ಯಮದ ಒಳಗೇ ಸರಾಸರಿಯಿಂದ 3 ಮಾನಕ ವಿಚಲನೆ ಮೀರಿದ್ದನ್ನು ಬದಿಗಿಡಿ. ಎಲ್ಲ ದೇಶಗಳನ್ನೂ ಒಟ್ಟಿಗೆ ಹಾಕಿ ಕತ್ತರಿಸಿದರೆ ಬಡ ದೇಶದ ಬಾಲ, ಶ್ರೀಮಂತ ದೇಶದ ತಲೆ ಮಾತ್ರ ಹೋಗುತ್ತವೆ. ಸರಾಸರಿಯ ಜೊತೆ ಮಧ್ಯಾಂಕವನ್ನೂ ಕೊಡಿ.

ಪ್ರಶ್ನೆ: ಬಂಡವಾಳ, ಶ್ರಮ ಸರಿಯಾದ ಕಾರ್ಖಾನೆಗೆ ಹೋದರೆ ಭಾರತದ ಉತ್ಪಾದಕತೆ ಶೇ. 60ರವರೆಗೆ ಏರುತ್ತದೆ ಎಂದು ಓದಿದೆ. ನಿಜವೇ? (ಬ್ಯಾಂಕ್ ಅಧಿಕಾರಿ)

ಇದು 2009ರಲ್ಲಿ ಅರ್ಥಶಾಸ್ತ್ರಜ್ಞರಾದ ಚಾಂಗ್-ತಾಯ್ ಹ್ಸೀ ಮತ್ತು ಪೀಟರ್ ಕ್ಲೆನೋ ಮಾಡಿದ ಲೆಕ್ಕ. ಒಂದೇ ಉದ್ಯಮದಲ್ಲಿ ಹೆಚ್ಚು ಫಲ ಕೊಡುವ ಕಾರ್ಖಾನೆಗೆ ಸಾಲವೂ ಜನರೂ ಸಿಗದೆ, ಕಡಿಮೆ ಫಲದ ಕಾರ್ಖಾನೆಯಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬುದು ವಾದ. ಆ ಹಂಚಿಕೆ ಅಮೆರಿಕದಷ್ಟಾದರೂ ಸರಿಯಾದರೆ ತಯಾರಿಕೆಯ ಉತ್ಪಾದಕತೆ ಚೀನಾದಲ್ಲಿ ಶೇ. 30ರಿಂದ 50, ಭಾರತದಲ್ಲಿ ಶೇ. 40ರಿಂದ 60 ಏರುತ್ತದೆ ಎಂದು ಅವರು ಕಂಡರು. ಅಮೆರಿಕದಲ್ಲೂ ಅಂತರವಿಲ್ಲವೆಂದಲ್ಲ. ಅಲ್ಲಿ ಒಂದೇ ಕಿರು ಉದ್ಯಮದಲ್ಲಿ 90ನೇ ಶತಾಂಶದ ಘಟಕ, 10ನೇ ಶತಾಂಶದ ಘಟಕ ಬಳಸುವಷ್ಟನ್ನೇ ಬಳಸಿ ಸುಮಾರು ಎರಡರಷ್ಟು ಉತ್ಪಾದಿಸುತ್ತದೆ ಎಂದು ಚಾಡ್ ಸಿವರ್ಸನ್ ತೋರಿಸಿದ್ದಾರೆ.

ದಿಕ್ಕು ಸರಿ, ಗಾತ್ರವನ್ನು ಮಾತ್ರ ಹಾಗೆಯೇ ನಂಬಬೇಡಿ. ಈ ವಿಧಾನದಲ್ಲಿ ಕಾರ್ಖಾನೆಗಳ ನಡುವಿನ ಎಲ್ಲ ಅಂತರವೂ ತಪ್ಪು ಹಂಚಿಕೆ ಎಂದೇ ಲೆಕ್ಕ. ಆದರೆ ಅಂಕಿ ಬರೆಯುವಾಗಿನ ತಪ್ಪೂ ಅಂತರವಾಗಿಯೇ ಕಾಣುತ್ತದೆ. ಹೋದ ವರ್ಷ ಯಂತ್ರ ತಂದು ಈ ವರ್ಷ ಇನ್ನೂ ಪೂರ್ತಿ ಓಡಿಸದವರೂ ಕಡಿಮೆ ಫಲದವರಾಗಿ ಕಾಣುತ್ತಾರೆ. ಇನ್ನೊಂದು ಸೂಕ್ಷ್ಮ: ಅಮೆರಿಕದ ಜನಗಣತಿ ಸಂಸ್ಥೆ ಬಿಟ್ಟುಹೋದ, ಅಸಂಗತವೆನಿಸಿದ ಉತ್ತರಗಳನ್ನು ತಿದ್ದಿ, ಅಂದಾಜು ತುಂಬಿಸಿ ದತ್ತಾಂಶ ಸಿದ್ಧಪಡಿಸುತ್ತದೆ. ತಿದ್ದಿದಷ್ಟೂ ಹರವು ಕುಗ್ಗುತ್ತದೆ. ತಿದ್ದಿದ ಒಂದು ದೇಶ, ತಿದ್ದದ ಒಂದು ದೇಶ ಹೋಲಿಸಿದರೆ ಅಂತರದ ಒಂದು ಪಾಲು ಕಚೇರಿಯ ಕೆಲಸದಿಂದ ಹುಟ್ಟಿದ್ದಾಗಿರುತ್ತದೆ.

ಪ್ರಶ್ನೆ: ನಮ್ಮ ಲೈನ್‌ನಲ್ಲಿ ಒಬ್ಬ ಆಪರೇಟರ್‌ಗೆ ದಿನಕ್ಕೆ 15 ಅಂಗಿ, ಬೇರೆ ದೇಶದ ಘಟಕದಲ್ಲೂ 15. ಆದರೂ ಖರೀದಿದಾರರು ಅವರೇ ಮೇಲು ಎನ್ನುತ್ತಾರೆ. (ಉಡುಪು ಘಟಕದ ಪ್ರೊಡಕ್ಷನ್ ಮ್ಯಾನೇಜರ್)

ಹಣದ ಗೊಡವೆಯಿಲ್ಲದೆ ಪೀಸ್ ಎಣಿಸುವುದು ಒಳ್ಳೆಯ ದಾರಿ, ಏಕೆಂದರೆ ಹಣದ ಲೆಕ್ಕದಲ್ಲಿ ಹೆಚ್ಚು ಬೆಲೆಗೆ ಮಾರಿದವನೂ ಉತ್ಪಾದಕನಂತೆ ಕಾಣುತ್ತಾನೆ. ಆದರೆ ಪೀಸ್ ಪೀಸೂ ಒಂದೇ ಅಲ್ಲವಲ್ಲ. ನಿಮ್ಮಲ್ಲಿ 40 ಆಪರೇಟರ್, 480 ನಿಮಿಷ, 600 ಪೀಸ್, ಎಸ್‌ಎಂವಿ 16 (ಒಂದು ಪೀಸ್ ಹೊಲಿಯಲು ನಿಗದಿ ಮಾಡಿದ ನಿಮಿಷಗಳು) ಎಂದು ಬರೆದಿದ್ದೀರಿ. 600 × 16 ಅಂದರೆ 9,600 ನಿಮಿಷದ ಕೆಲಸ. ಕೊಟ್ಟ ಸಮಯ 40 × 480, ಅಂದರೆ 19,200. ದಕ್ಷತೆ ಶೇ. 50. ಅವರಲ್ಲಿ 32 ಆಪರೇಟರ್, 480 ಪೀಸ್, ಎಸ್‌ಎಂವಿ 20. ಕೆಲಸ ಅದೇ 9,600 ನಿಮಿಷ, ಸಮಯ 15,360. ದಕ್ಷತೆ ಶೇ. 62.5. ಅವರ ಅಂಗಿಯಲ್ಲಿ ಹೊಲಿಗೆಯ ಹಂತಗಳು ಹೆಚ್ಚು.

ನಿಮ್ಮ ಪತ್ರದಲ್ಲಿ ಎರಡು ಗಂಟೆ ಓಟಿಯ ಮಾತೂ ಇದೆ. 600 ಪೀಸ್ ಬಂದದ್ದು ಓಟಿ ಸೇರಿ ಎಂದಾದರೆ ಸಮಯ 24,000 ನಿಮಿಷ, ದಕ್ಷತೆ ಶೇ. 40ಕ್ಕೆ ಇಳಿಯುತ್ತದೆ. ಹೆಲ್ಪರ್‌ಗಳನ್ನು ಎರಡೂ ಕಡೆ ಸೇರಿಸಿ ಅಥವಾ ಎರಡೂ ಕಡೆ ಬಿಡಿ. ರಿವರ್ಕ್‌ಗೆ ಹೋಗಿ ಬಂದ ಪೀಸನ್ನು ಎರಡು ಸಲ ಎಣಿಸಬೇಡಿ. ಎಸ್‌ಎಂವಿ ಯಾರು ಕಟ್ಟಿದರು ಎಂದೂ ಕೇಳಿ: ಆಯಾ ಘಟಕದವರೇ ಧಾರಾಳವಾಗಿ ಕಟ್ಟಿದ್ದರೆ ದಕ್ಷತೆ ತಾನಾಗಿ ಏರುತ್ತದೆ. ಎರಡೂ ಶೈಲಿಗಳಿಗೆ ಒಬ್ಬರೇ, ಒಂದೇ ಕೋಷ್ಟಕದಿಂದ ಕಟ್ಟಿದ ಎಸ್‌ಎಂವಿ ಬೇಕು.

ಗುಣಮಟ್ಟ ಲೆಕ್ಕವನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ ಈಜಿಪ್ಟಿನ ರತ್ನಗಂಬಳಿ ನೇಕಾರರ ಮೇಲಿನ ಪ್ರಯೋಗ ಒಳ್ಳೆಯ ಸಾಕ್ಷಿ. ಅದು 2017ರಲ್ಲಿ ಪ್ರಕಟವಾಯಿತು. ಚಿಕ್ಕ ಘಟಕಗಳಲ್ಲಿ ಕೆಲವಕ್ಕೆ ಚೀಟಿ ಎತ್ತಿದಂತೆ ರಫ್ತು ಆದೇಶ ಕೊಡಲಾಯಿತು. ಆದೇಶ ಸಿಕ್ಕವರು ಗಂಟೆಗೆ ನೇಯುವ ಅಳತೆ ಕಡಿಮೆಯಾಯಿತು. ಬರೀ ಅಳತೆ ನೋಡಿದವರು ಉತ್ಪಾದಕತೆ ಬಿತ್ತು ಎನ್ನುತ್ತಿದ್ದರು. ಆದರೆ ವಿದೇಶಿ ಖರೀದಿದಾರರು ಕೇಳಿದ್ದು ಹೆಚ್ಚು ನಾಜೂಕಿನ ಕಂಬಳಿ. ಕಂಬಳಿಯ ವಿವರಗಳನ್ನು ಲೆಕ್ಕಕ್ಕೆ ಹಿಡಿದಾಗ ಉತ್ಪಾದಕತೆ ಏರಿತ್ತು, ಲಾಭವೂ ಏರಿತ್ತು.

ಪ್ರಶ್ನೆ: ಅಳತೆ ಸಾಕು. ಹಿಂದೆ ಬಿದ್ದ ಕಾರ್ಖಾನೆ ಮುಂದೆ ಬರದಿರುವುದು ಏಕೆ? ಒಳ್ಳೆಯ ಪದ್ಧತಿ ಕಣ್ಣೆದುರೇ ಇರುತ್ತದಲ್ಲ? (ಪ್ರೊಡಕ್ಷನ್ ಮ್ಯಾನೇಜರ್, ಮತ್ತೊಂದು ಪತ್ರ)

ಮುಂಬಯಿ ಸಮೀಪದ ದೊಡ್ಡ ನೇಯ್ಗೆ ಕಾರ್ಖಾನೆಗಳಲ್ಲಿ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು, 2013ರಲ್ಲಿ ಪ್ರಕಟಿಸಿದರು. ಆಯ್ದ ಘಟಕಗಳಿಗೆ ಒಂದು ತಿಂಗಳ ತಪಾಸಣೆ, ನಾಲ್ಕು ತಿಂಗಳ ಸಲಹೆ ಉಚಿತವಾಗಿ ಸಿಕ್ಕಿತು. 38 ರೂಢಿಗಳ ಪಟ್ಟಿ ಅದು: ಬಟ್ಟೆಯ ದೋಷವನ್ನು ಪ್ರತಿದಿನ ದಾಖಲಿಸುವುದು, ಮಗ್ಗಕ್ಕೆ ಕ್ರಮವಾಗಿ ಎಣ್ಣೆ ಹಾಕಿ ನೋಡಿಕೊಳ್ಳುವುದು, ನೂಲಿನ ದಾಸ್ತಾನು ಎಣಿಸಿ ಇಡುವುದು ಇಂಥವು. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ. 17 ಏರಿತು. ಮೊದಲೇ ಏಕೆ ಮಾಡಿರಲಿಲ್ಲ ಎಂದರೆ ಕೆಲವು ರೂಢಿಗಳು ಮಾಲೀಕರಿಗೆ ತಿಳಿದೇ ಇರಲಿಲ್ಲ, ಕೆಲವು ತಿಳಿದಿದ್ದರೂ ಲಾಭ ತರುತ್ತವೆಂಬ ನಂಬಿಕೆ ಇರಲಿಲ್ಲ. ಕಾರ್ಖಾನೆ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಆಡಳಿತದ ಗುಣಕ್ಕಿಂತ, ನಂಬಿ ಬಿಡಬಹುದಾದ ಗಂಡುಮಕ್ಕಳು ಮನೆತನದಲ್ಲಿ ಎಷ್ಟಿದ್ದಾರೆ ಎಂಬುದು ಹೆಚ್ಚು ಹೊಂದುತ್ತಿತ್ತು. ವರ್ಷಗಳ ನಂತರ ಮತ್ತೆ ಹೋಗಿ ನೋಡಿದಾಗ ಅಳವಡಿಸಿದ ರೂಢಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಮ್ಯಾನೇಜರ್ ಬದಲಾದದ್ದು, ಮಾಲೀಕರಿಗೆ ಸಮಯವಿಲ್ಲದ್ದು ಮುಖ್ಯ ಕಾರಣಗಳು. ಹಾಗಿದ್ದೂ ಸಲಹೆ ಪಡೆಯದ ಘಟಕಗಳಿಗಿಂತ ಇವು ಮುಂದೆಯೇ ಇದ್ದವು.

ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಸಿಕ್ಕ ಉತ್ತರ ಬೇರೆ. ಅಲ್ಲಿ ಹೊಲಿಯುವ ಫುಟ್‌ಬಾಲಿಗೆ 20 ಷಟ್ಕೋನ, 12 ಪಂಚಕೋನದ ತುಂಡುಗಳು ಬೇಕು. ಷಟ್ಕೋನಗಳನ್ನು ಹಾಳೆಯಲ್ಲಿ ಸಂದಿಲ್ಲದೆ ಜೋಡಿಸಬಹುದು, ಪಂಚಕೋನಗಳನ್ನು ಆಗದು. ಸಂದು ಕಡಿಮೆಯಾಗುವಂತೆ ಪಂಚಕೋನಗಳನ್ನು ಒತ್ತಿ ಜೋಡಿಸಿದ ಹೊಸ ಅಚ್ಚನ್ನು ಸಂಶೋಧಕರು ಕೆಲವು ಕಾರ್ಖಾನೆಗಳಿಗೆ ಪುಕ್ಕಟೆ ಕೊಟ್ಟರು. ವರ್ಷ ಕಳೆದರೂ ಬಳಸಿದವರು ಕೆಲವೇ ಮಂದಿ. ಕತ್ತರಿಸುವವರಿಗೆ ಕೂಲಿ ಪೀಸ್ ಲೆಕ್ಕದಲ್ಲಿತ್ತು. ಹೊಸ ಅಚ್ಚು ಸಾಮಗ್ರಿ ಉಳಿಸುತ್ತಿತ್ತು, ಆದರೆ ಶುರುವಿನಲ್ಲಿ ಅವರ ಕೈ ನಿಧಾನವಾಗುತ್ತಿತ್ತು. ಉಳಿತಾಯ ಮಾಲೀಕನಿಗೆ, ಕೂಲಿ ಕಡಿತ ಇವರಿಗೆ. ಹಾಗಾಗಿ ಅಚ್ಚು ಸರಿಯಿಲ್ಲ ಎಂಬ ಸುದ್ದಿಯೇ ಮೇಲಕ್ಕೆ ಹೋಯಿತು. ಆಮೇಲೆ ಕೆಲವು ಕಾರ್ಖಾನೆಗಳಲ್ಲಿ ಒಬ್ಬ ಕತ್ತರಿಸುವವ ಮತ್ತು ಒಬ್ಬ ಮುದ್ರಕನಿಗೆ, ಹೊಸ ಅಚ್ಚಿನಲ್ಲಿ ಕೆಲಸ ಮಾಡಿ ತೋರಿಸಿದರೆ ಸುಮಾರು ಒಂದು ತಿಂಗಳ ಸಂಬಳದಷ್ಟು ಹಣ ಒಮ್ಮೆ ಕೊಡುವುದಾಗಿ ಹೇಳಿದರು. ಅಲ್ಲಿ ಬಳಕೆ ಎದ್ದು ಕಾಣುವಂತೆ ಏರಿತು.

ನಿಮ್ಮ ಲೈನ್‌ಗೆ ಹೊಸ ಪದ್ಧತಿ ತರುವ ಮುಂಚೆ ಇದೊಂದನ್ನು ವಿಚಾರಿಸಿ: ಕಲಿಯುವ ಮೊದಲ ಆರು ವಾರ ಪೀಸ್ ಕಡಿಮೆಯಾದರೆ ಆಪರೇಟರ್‌ನ ಇನ್ಸೆಂಟಿವ್ ಎಷ್ಟು ಕಡಿತವಾಗುತ್ತದೆ, ಅದನ್ನು ತುಂಬಿಕೊಡುವವರು ಯಾರು?